ನೀಲವ್ವನ ಹೊಗೆ, ಅಳಿಯನ ಶೀಶೆ

ಮಗಳ ಬಾಣಂತನಕ್ಕೆ ಖಾನಾಪುರದಿಂದ ಹಿಂದವಾಡಿಗೆ ಬಂದು, ನಮ್ಮ ಪಕ್ಕದ ಮನೆಯಲ್ಲಿ ಬೀಡುಬಿಟ್ಟಿರುವ ನೀಲವ್ವ ಬೆಳಗಾದರೆ ಮಂಚದ ಕೆಳಗಿನ ಅಗ್ಗಿಷ್ಟಿಗೆಯ ಕೆಂಡಕ್ಕೆ ಲೋಬಾನ, ಓಂಕಾಳು ಉದುರಿಸಿ ಇಡೀ ಓಣಿಯೇ ಕೆಮ್ಮುವಂತೆ ಹೊಗೆ ಹಾಕುತ್ತಾಳೆ. ಬೆನ್ನಿಗೇ ಅಳಿಯ ವಿನಯ ಕಿಟಕಿ ತೆರೆದು, ದವಾಖಾನೆಯಲ್ಲಿ ಹೇಳಿದ್ದಾರೆಂದು ದಿಂಬಿನ ಬಳಿ ಪುಟ್ಟ ಶೀಶೆಯಿಂದ ಲ್ಯಾವೆಂಡರ್ ಎಣ್ಣೆ ಹನಿಸುತ್ತಾನೆ. "ಬಾಣಂತಿ ಖೋಲಿ ಅಂದ್ರ ಸಾಬಾಣದ ಅಂಗಡಿ ಏನ್?" ಎಂದು ನೀಲವ್ವ ಗೊಣಗುತ್ತಾಳೆ. ಆದರೆ ಹೆತ್ತಾಗಿನಿಂದ ಕಾರಣವಿಲ್ಲದೆ ಅಳುತ್ತಿದ್ದ ಮಗಳು ಸಮೃದ್ಧಿ ಈಚೆಗೆ ನಗತೊಡಗಿದ್ದಾಳೆ, ನೀಲವ್ವನ ಗೊಂದಲ ಶುರುವಾದದ್ದೇ ಆಗ. "ಹೊಗಿಗೆ ನಗತಾಳೋ, ಆ ಶೀಶೆಗೆ ನಗತಾಳೋ? ನೀವಾರ ಹೇಳ್ರಿ" ಎಂದು ಹಾಲಿನವನನ್ನೂ ಬಿಡದೆ ಕೇಳುತ್ತಾಳೆ. ಯಾವುದಕ್ಕೂ ಇರಲೆಂದು ಕೆಂಡಕ್ಕೆ ಎಣ್ಣೆಯ ಹನಿ, ದಿಂಬಿನಡಿ ಓಂಕಾಳಿನ ಗಂಟು ಇಟ್ಟು, ಬಾಗಿಲಲ್ಲಿ ನಿಂತು ಮೂಸುತ್ತಾಳೆ. ಏನೂ ತಿಳಿಯದೆ ಮತ್ತೆ ಮೂಸುತ್ತಾಳೆ. ಅಳಿಯ ಆಫೀಸಿಗೆ ಹೋದ ಮೇಲೆ ಮಾತ್ರ ಆ ಶೀಶೆಯ ಎಣ್ಣೆಯನ್ನು ತನ್ನ ಸೆರಗಿಗೂ ಒಂದಿಷ್ಟು ಒತ್ತಿಕೊಳ್ಳುತ್ತಾಳೆ. ಮೊನ್ನೆ ನಾನು ನೋಡಿಬಿಟ್ಟೆನೆಂದು ಅವಳೇನೂ ನಾಚಲಿಲ್ಲ. "ಇಕಿನ್ನ ಹಡದಾಗ ನಾನೂ ಹಿಂಗ ಅಳತಿದ್ದೆರೀ. ಯಾಕ ಅಂತ ಒಬ್ಬರೂ ಕೇಳಲಿಲ್ಲ. ಆಗಿನ ಅಳುವಿಗೆ ಈಗ ಹಚ್ಚಿಕೊಂಡ್ರ ನಾಟತೈತೇನ್ರಿ?"