ಶೀನಣ್ಣ ಮೂಸಿ ಹೇಳಿದ ನೂಲು

ಕಾಪುವಿನ ದೀಪಸ್ತಂಭದಿಂದ ಸ್ವಲ್ಪ ಉತ್ತರಕ್ಕೆ, ತಗಡಿನ ಮಾಡಿನ ಒಂದು ಶೆಡ್ಡಿನಲ್ಲಿ ಶೀನ ಕುಂದರ್ ನಲವತ್ತು ವರ್ಷಗಳಿಂದ ಮೀನಿನ ಬಲೆ ರಿಪೇರಿ ಮಾಡುತ್ತಿದ್ದಾರೆ. ಊರಿಗೆ ಅವರು ಶೀನಣ್ಣ. ಹೊಸ ನೂಲು ಬಂದರೆ ಅದರ ತುದಿಗೆ ಲೈಟರ್ ಹಿಡಿದು, ಉರಿ ಊದಿ ಆರಿಸಿ, ಹೊಗೆಯನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುತ್ತಾರೆ. ಹಸಿ ಸೊಪ್ಪು ಕರಕಲಾದ ವಾಸನೆ ಬಂದರೆ ನೈಲಾನ್. ಆಗಷ್ಟೇ ಆರಿಸಿದ ಮೊಂಬತ್ತಿಯ ವಾಸನೆ ಬಂದರೆ ಪಾಲಿಥಿನ್. ನೈಲಾನ್ ನೀರಿನಲ್ಲಿ ಮುಳುಗುತ್ತದೆ, ಪಾಲಿಥಿನ್ ತೇಲುತ್ತದೆ. ಬಲೆಯ ಕೆಳಗಿನ ಅರ್ಧಕ್ಕೆ ತೇಲುವ ನೂಲು ಹಾಕಿದರೆ ಬಲೆಯ ಬುಡ ಇಳಿಯುವುದು ತಡವಾಗಿ, ಮೀನು ಅಡಿಯಿಂದ ನುಸುಳಿಹೋಗುತ್ತದೆ. ಬಣ್ಣ, ಲೇಪ ಕೊಟ್ಟ ನೂಲುಗಳು ಕೈಗೆ ಒಂದೇ. ಅದೂ ಸೂಜಿ ಹಿಡಿದು ದಪ್ಪಗಟ್ಟಿದ ಬೆರಳಿಗೆ.

ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಒಗ್ಗರಣೆ, ಒಣಮೀನು, ಮಳೆ ಬಿದ್ದ ಮರಳು, ಯಾವುದೂ ಮತ್ತೆ ಬರಲಿಲ್ಲ. ಶೀನಣ್ಣ ಯಾರಿಗೂ ಹೇಳಲಿಲ್ಲ. ಅವರ ಮೂಗನ್ನು ನಂಬಿ ಮಲ್ಪೆಯಿಂದಲೂ ಜನ ಬರುತ್ತಿದ್ದರು.

ಈ ಜುಲೈಯಲ್ಲಿ, ನಾಡದೋಣಿಗಳು ಕಡಲಿಗಿಳಿಯುವುದಕ್ಕೆ ಐದು ದಿನ ಮೊದಲು, ತಾಂಡೇಲ ವಿಕಾಸ್ ಎರಡು ಉರುಳೆ ಕಡುನೀಲಿ ನೂಲು ತಂದ. ಅವನು ದೋಣಿ ನಡೆಸುವವನು, ಮೂವತ್ತು ಜನರ ಬಲೆ ಅವನ ಹೊಣೆ. ಉರುಳೆಗಳ ಮೇಲೆ ಚೀಟಿ ಇರಲಿಲ್ಲ.

"ಅಂಗಡಿಯಲ್ಲಿ ಎರಡೂ ಕಲಸಿಹೋಗಿದೆಯಂತೆ. ನೀವೇ ನೋಡಿ ಹೇಳಿ ಶೀನಣ್ಣ."

ಶೀನಣ್ಣ ಲೈಟರ್ ಹೊತ್ತಿಸಿದರು, ಊದಿದರು, ಕಣ್ಣು ಮುಚ್ಚಿದರು. ಏನೂ ಇಲ್ಲ. ಇನ್ನೊಂದನ್ನು ಮೂಸಿದರು. ಏನೂ ಇಲ್ಲ. ಎದುರಿಗೆ ವಿಕಾಸ್ ಕಾಯುತ್ತಿದ್ದ.

"ಇದು ನೈಲಾನ್" ಎಂದು ಎಡಗೈಯದನ್ನು ಎತ್ತಿ ತೋರಿಸಿದರು.

ಎರಡು ದಿನ ಅದೇ ನೂಲಿನಿಂದ ಬಲೆಯ ಬುಡ ಹೆಣೆದರು. ಎರಡನೆಯ ಸಂಜೆ ಗಂಟುಗಳು ಒಂಚೂರು ಜಾರುತ್ತಿವೆ ಎನಿಸಿತು. ಹೀಗೆ ಜಾರುವುದು ಪಾಲಿಥಿನ್ ಗಂಟು. ಮನೆಗೆ ಬಂದು ಎರಡೂ ನೂಲಿನ ತುಂಡುಗಳನ್ನು ಬಕೆಟ್ಟಿನ ನೀರಿಗೆ ಹಾಕಿದರು. ಎರಡೂ ತೇಲಿದವು. ಒತ್ತಿ ಬಿಟ್ಟರೆ ಎರಡೂ ಮೇಲೆ ಬಂದವು. ಹಾಗಾದರೆ ಅಂಗಡಿಯವನು ನೈಲಾನ್ ಕೊಡಲೇ ಇಲ್ಲವೇ? ಅಥವಾ ನೀರು ಸಹ ಸುಳ್ಳು ಹೇಳುತ್ತದೆಯೇ?

ಮರುದಿನ ಬೆಳಗ್ಗೆ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದರು. ಅಲ್ಲಿಯ ಕಾಲೇಜಿನಲ್ಲಿ ಅವರ ತಂಗಿಯ ಮಗಳು ಮೋಕ್ಷಾ ರಸಾಯನಶಾಸ್ತ್ರ ಕಲಿಸುತ್ತಾಳೆ. ಲ್ಯಾಬಿನಲ್ಲಿ ಆ ಹೊತ್ತು ಯಾರೂ ಇರಲಿಲ್ಲ.

"ಎಂತ ಮಾಮ, ಬಲೆ ಬಿಟ್ಟು ಬಂದಿದ್ದೀರಿ? ಅತ್ತೆ ಹೊರಗೆ ಹಾಕಿದರಾ?"

"ಹಾಕಿಲ್ಲ ಇನ್ನೂ. ನನ್ನ ಮೂಗು ಸತ್ತಿದೆ ಮಗಾ" ಎಂದರು ಶೀನಣ್ಣ. ಎರಡು ವರ್ಷದಲ್ಲಿ ಮೊದಲ ಬಾರಿ ಆ ಮಾತು ಬಾಯಿಂದ ಹೊರಬಂದದ್ದು ಹೀಗೆ.

ಮೋಕ್ಷಾ ನಗು ನಿಲ್ಲಿಸಿದಳು. ಬೀಕರಿಗೆ ನೀರು ತುಂಬಿ, ಗುರುತಿಗೆ ಒಂದಕ್ಕೆ ಗಂಟು ಹಾಕಿ ಅವರು ತಂದಿದ್ದ ಎರಡು ನೂಲಿನ ತುಂಡುಗಳನ್ನು ಹಾಕಿದಳು. ಎರಡೂ ತೇಲಿದವು. ಬಗ್ಗಿ, ಗಾಜಿನ ಬದಿಯಿಂದ ನೋಡಿದಳು. ಒಂದು ನೂಲಿನ ಮೈಯಲ್ಲಿ ಸಣ್ಣ ಸಣ್ಣ ಬೆಳ್ಳಿ ಚುಕ್ಕೆಗಳಿದ್ದವು.

"ಗಾಳಿ, ಮಾಮ. ಎಳೆಗಳ ಸಂದಿಯಲ್ಲಿ ಕೂತಿದೆ. ಹೊಸ ನೂಲಿನ ಎಣ್ಣೆ ನೀರನ್ನು ಒಳಗೆ ಬಿಡುವುದಿಲ್ಲ."

ತುಂಡುಗಳನ್ನು ತೆಗೆದು ಒರೆಸಿ ಸ್ಪಿರಿಟ್ಟಿಗೆ ಹಾಕಿದಳು. ಗುಳ್ಳೆಗಳು ಸರಸರನೆ ಹೊರಟು, ಎರಡೂ ತಳಕ್ಕೆ ಹೋದವು.

"ಆಗ ಎರಡೂ ತೇಲಿತು, ಈಗ ಎರಡೂ ಮುಳುಗಿತು. ನಿನ್ನ ಕೆಮಿಸ್ಟ್ರಿ ಚುನಾವಣೆಯ ಹಾಗೆ ಉಂಟಲ್ಲ ಮಾರಾಯ್ತಿ!"

"ಸ್ಪಿರಿಟ್ ನೀರಿಗಿಂತ ಹಗುರ. ಅದರಲ್ಲಿ ಎರಡೂ ಮುಳುಗುತ್ತವೆ. ಈಗ ನೋಡಿ."

ಒದ್ದೆ ತುಂಡುಗಳನ್ನು ಚಿಮಟದಲ್ಲಿ ಹಿಡಿದು ನೀರಿನ ತಳದಲ್ಲಿ ಬಿಟ್ಟಳು. ಒಂದು ಅಲ್ಲೇ ಮಲಗಿತು. ಇನ್ನೊಂದು ನಿಧಾನವಾಗಿ ಎದ್ದು ಮೇಲೆ ಬಂತು.

ಮೇಲೆ ಬಂದದ್ದು ಗಂಟು ಇದ್ದದ್ದು: ಎಡಗೈಯ ನೂಲು, ಬಲೆಯ ಬುಡಕ್ಕೆ ಹೆಣೆದದ್ದು.

ಶೀನಣ್ಣ ಬಗ್ಗಿ, ತಳದ ನೂಲನ್ನೂ ಮೇಲಿನದನ್ನೂ ನೋಡಿದರು. ಆಮೇಲೆ ಕೇಳಿದ್ದು ಬೇರೆಯೇ: "ಸ್ಪಿರಿಟ್ ಆ ಸಂದಿಗೆ ಹೊಕ್ಕಿತು, ನೀರು ಯಾಕೆ ಹೊಗಲಿಲ್ಲ?"

"ಸ್ಪಿರಿಟ್ಟಿನ ಒಂದು ತುದಿ ಎಣ್ಣೆಯ ಜಾತಿ, ಬರೀ ಇಂಗಾಲ ಮತ್ತು ಜಲಜನಕ. ಇನ್ನೊಂದು ತುದಿ ನೀರಿನ ಜಾತಿ. ಮನೆಯಲ್ಲಿ ತುಳು, ಆಫೀಸಿನಲ್ಲಿ ಕನ್ನಡ ಮಾತಾಡುವವರ ಹಾಗೆ. ಎರಡೂ ಕಡೆ ಬಾಗಿಲು ತೆರೆಯುತ್ತದೆ."

"ಪಾಲಿಥಿನ್?"

"ಇಂಗಾಲದ ಉದ್ದ ಸರಪಳಿ, ಅದಕ್ಕೆ ಅಂಟಿದ ಜಲಜನಕ. ಬೇರೆ ಏನೂ ಇಲ್ಲ. ಮೊಂಬತ್ತಿಯೂ ಹಾಗೆಯೇ, ಅದರ ಸರಪಳಿ ಗಿಡ್ಡ ಅಷ್ಟೆ. ನೈಲಾನ್ ಸರಪಳಿಯಲ್ಲಿ ನಡುನಡುವೆ ಸಾರಜನಕ, ಆಮ್ಲಜನಕ ಉಂಟು. ಸರಪಳಿಗಳು ಒಂದನ್ನೊಂದು ಹತ್ತಿರಕ್ಕೆ ಎಳೆದುಕೊಳ್ಳುತ್ತವೆ, ಹಾಗಾಗಿ ಭಾರ."

"ಮೊಂಬತ್ತಿಯ ದಾಯಾದಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೂಗಿಗೆ ಮಾತ್ರ ಗೊತ್ತಿತ್ತು." ಶೀನಣ್ಣನ ಕಣ್ಣು ಬೀಕರಿನಿಂದ ಕದಲಲಿಲ್ಲ. "ಇನ್ನೊಮ್ಮೆ ಮಾಡು ನೋಡುವ."

ಮೂರು ಸಲ ಮಾಡಿಸಿದರು. ಮೂರು ಸಲವೂ ಅದೇ ಎದ್ದು ಬಂತು.

ಹಿಂದಿರುಗುವ ಬಸ್ಸಿನಲ್ಲಿ ಅವರಿಗೆ ಒಂದು ದಾರಿ ಹೊಳೆದಿತ್ತು: ಅಂಗಡಿಯವನೇ ನೂಲು ಬದಲಿಸಿಬಿಟ್ಟ ಎಂದು ಹೇಳುವುದು. ವಿಕಾಸ್ ನಂಬುತ್ತಾನೆ. ಆದರೆ ಮುಂದಿನ ನೂಲನ್ನೂ ಈ ಸತ್ತ ಮೂಗಿನ ಕೆಳಗೇ ಹಿಡಿಯುತ್ತಾನೆ.

ಶೆಡ್ಡಿನಲ್ಲಿ ವಿಕಾಸ್ ಬಲೆಯ ಮೇಲ್ತುದಿಗೆ ತೇಲುಬುರುಡೆ ಕಟ್ಟುತ್ತಿದ್ದ. ಇನ್ನೂ ಆರೇಳು ಜನ ಇದ್ದರು.

"ಬುಡ ಬಿಚ್ಚಬೇಕು" ಎಂದರು ಶೀನಣ್ಣ. "ನೂಲು ತಪ್ಪು. ನಾನೇ ತಪ್ಪಿದ್ದು. ನನಗೆ ವಾಸನೆ ಬರುವುದಿಲ್ಲ, ಎರಡು ವರ್ಷ ಆಯಿತು."

ಮಳೆ ತಗಡಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು.

"ಎರಡು ವರ್ಷ?" ವಿಕಾಸ್ ಎದ್ದು ನಿಂತ. "ಹಾಗಾದರೆ ಇಷ್ಟು ದಿನ ನಮ್ಮ ನೂಲಿಗೆ ಮಂಗಳಾರತಿ ಮಾತ್ರವಾ ಶೀನಣ್ಣ?"

ಯಾರೋ ಕಿಸಕ್ಕೆಂದರು. ಶೀನಣ್ಣ ನಗಲಿಲ್ಲ. "ಹಿಂದಿನ ಉರುಳೆಗಳ ಮೇಲೆ ಚೀಟಿ ಇತ್ತು. ಓದಿಕೊಂಡು ಮೂಸಿದ ಹಾಗೆ ಮಾಡಿದೆ."

"ನಾಡಿದ್ದು ಎಲ್ಲರೂ ಇಳಿಯುತ್ತಾರೆ. ನಾವು ದಡದಲ್ಲಿ ಎಂತ ಮಾಡುವುದು, ಅಲೆ ಲೆಕ್ಕ ಹಾಕುವುದಾ?" ಎಂದ ವಿಕಾಸ್.

ಶೀನಣ್ಣ ನೆಲಕ್ಕೆ ಕೂತು, ಸಣ್ಣ ಕತ್ತಿಯಿಂದ ಮೊದಲ ಗಂಟು ಕೊಯ್ದರು. ಸ್ವಲ್ಪ ಹೊತ್ತಿಗೆ ವಿಕಾಸ್ ಬಲೆಯ ಇನ್ನೊಂದು ತುದಿ ಎಳೆದುಕೊಂಡು ಕೂತ.

ಇನ್ನೊಂದು ಉರುಳೆಯ ನೂಲಿನಿಂದ ಬುಡ ಮತ್ತೆ ಹೆಣೆದ ಮೇಲೆ, ಬೇರೆ ದೋಣಿಗಳಿಗಿಂತ ಎರಡು ದಿನ ತಡವಾಗಿ ಆ ದೋಣಿ ಇಳಿಯಿತು. ಶೀನಣ್ಣ ಬೆಳಗ್ಗಿನಿಂದ ಚಹಾ ಕುಡಿಯದೆ ದಡದಲ್ಲಿ ನಿಂತಿದ್ದರು. ಹತ್ತು ಗಂಟೆಗೆ ದೋಣಿ ಮರಳಿತು. ಮೀನು ಹೆಚ್ಚೇನೂ ಇರಲಿಲ್ಲ. ವಿಕಾಸ್ ಮೊಣಕಾಲು ನೀರಿನಲ್ಲಿ ನಡೆದು ಬಂದು, ಅವರ ಮುಖ ನೋಡದೆ ಹೇಳಿದ:

"ಬುಡ ಕಲ್ಲಿನ ಹಾಗೆ ಇಳಿಯಿತು. ಬದಿಯಲ್ಲಿ ಎರಡು ಮಾರು ಹರಿದಿದೆ. ಸಂಜೆಯೊಳಗೆ ಮಾಡಿ ಕೊಡಿ."