ಅರ್ಥವಾಗುವವರೆಗೆ ಎರಡನೇ ಗೇರ್

ಬೆಳಗಿನ ಆರೂ ನಲವತ್ತು. ಜಾವಳಿ ದಾಟಿದ ಏರಿನಲ್ಲಿ ಮಂಜು ಇನ್ನೂ ಕದಲಿಲ್ಲ. ಹಸಿರು ಟಾರ್ಪಾಲಿನ ಹಳೇ ಜೀಪೊಂದು ಎರಡನೇ ಗೇರಿನಲ್ಲಿ ನರಳುತ್ತಾ ತೆವಳುತ್ತಿದೆ. ರಸ್ತೆ ಚೆನ್ನಾಗಿದೆ, ಎದುರಿಗೆ ಒಂದು ವಾಹನವೂ ಇಲ್ಲ. ಹಿಂದೆ ಕೂತವರು ಮಾತ್ರ ಕುದಿಯುತ್ತಿದ್ದಾರೆ.

"ಮೂರನೇ ಗೇರ್ ಹಾಕೋ ಮಾರಾಯ, ನಿನ್ ಕಾಲು ಹಿಡ್ಕೊಳ್ಲಾ?" ಎನ್ನುತ್ತಾರೆ ಮೆಣಸು ವ್ಯಾಪಾರದ ಮಂಜಯ್ಯ.

"ತಡೀರಿ ಮಂಜಯ್ಯಣ್ಣ. ಈ ಹುಡುಗಿ ಹೇಳಿದ್ದು ನಂಗಿನ್ನೂ ತಲೆಗೆ ಹೋಗಿಲ್ಲ," ಎನ್ನುತ್ತಾನೆ ಡ್ರೈವರ್ ದಯಾನಂದ, ಕನ್ನಡಿಯಲ್ಲಿ ಹಿಂದಿನ ಸೀಟನ್ನೇ ನೋಡುತ್ತಾ. "ತಲೆಗೆ ನೀರು ಬೇಕು, ಬಾಲಕ್ಕೆ ನೀರು ಕಂಡ್ರಾಗಲ್ಲ. ಒಂದೇ ಮೈಯಲ್ಲಿ ಎರಡೂ ಹೆಂಗಮ್ಮ ಸಂಸಾರ ಮಾಡ್ತವೆ?"

ಹಿಂದೆ ಕೂತ ಸ್ವಾತಿ ಮತ್ತೆ ಮೊದಲಿಂದ ಶುರುಮಾಡುತ್ತಾಳೆ. ಅವಳು ಮೂಡಿಗೆರೆಯಲ್ಲಿ ಕೊನೇ ವರ್ಷದ ಬಿಎಸ್ಸಿ ಓದುತ್ತಿದ್ದಾಳೆ. ಈಗ ವಿವರಿಸುತ್ತಿರುವುದು ಜೀವಕೋಶದ ಹೊರಪದರದಲ್ಲಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ವಿಚಾರ. ತಲೆಗಳು ನೀರಿನ ಕಡೆ, ಬಾಲಗಳು ಒಳಗಡೆ, ಹಾಗೆ ಎರಡು ಸಾಲು. ದಯಾನಂದ ಒಂದು ಕ್ಷಣ ಹಿಂದಿನ ಎರಡು ಬೆಂಚುಗಳನ್ನು ನೋಡುತ್ತಾನೆ. ಎದುರುಬದುರು ಕೂತ ಜನರ ಬೆನ್ನುಗಳೆಲ್ಲ ಮಂಜಿಗೆ ನೆನೆದ ಟಾರ್ಪಾಲಿಗೆ ತಾಗಿ ಒದ್ದೆಯಾಗಿವೆ, ಕಾಲುಗಳೆಲ್ಲ ನಡುವೆ ನೆನೆಯದೆ ಬೆಚ್ಚಗಿವೆ.

"ಓಹೋ, ನಮ್ ಜೀಪು!" ಎಂದು ಕೂಗಿ ಗೇರ್ ಬದಲಿಸುತ್ತಾನೆ. ಜನ ಉಸಿರು ಬಿಡುತ್ತಾರೆ.

ದಯಾನಂದನಿಗೆ ನಲವತ್ತೊಂಬತ್ತು. ಬಾಳೂರಿನಿಂದ ಮೂಡಿಗೆರೆಗೆ ಇಪ್ಪತ್ತೊಂದು ವರ್ಷಗಳಿಂದ ಜೀಪು ಓಡಿಸುತ್ತಿದ್ದಾನೆ. ದಿನಕ್ಕೆ ಎರಡು ಟ್ರಿಪ್. ಒಂದು ಟ್ರಿಪ್ಪಿಗೆ ಅವನೇ ಎಣಿಸಿದಂತೆ ನೂರಾ ಹದಿನೆಂಟು ತಿರುವು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಅಡ್ಡಬಿದ್ದ ಮರ ಕಡಿಯಬೇಕು, ಅದಕ್ಕೆಂದೇ ಸೀಟಿನಡಿ ಒಂದು ಕೊಡಲಿ. ಕೊಬ್ಬು, ಎಣ್ಣೆಗಳಿಗೆಲ್ಲ ಹೇಳುವ ಲಿಪಿಡ್ ಎಂಬ ಪದ ಅವನ ಬದುಕಿನೊಳಗೆ ಬಂದಿದ್ದು ಮಾತ್ರ ಎರಡು ವರ್ಷದ ಹಿಂದೆ.

ಆಗ ಸ್ವಾತಿ ಬಯೋಕೆಮಿಸ್ಟ್ರಿಯಲ್ಲಿ ನೂರಕ್ಕೆ ಹತ್ತೊಂಬತ್ತು ತೆಗೆದು ಮರುಪರೀಕ್ಷೆಗೆ ಕೂರುವವಳಿದ್ದಳು. ಅವಳ ತಾಯಿ ನಂಜಮ್ಮ ಕೊಟ್ಟಿಗೆಹಾರದ ಕಡೆಯ ಎಸ್ಟೇಟಿಗೆ ಅದೇ ಜೀಪಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. "ಈ ಸಲವೂ ಹೋದ್ರೆ ಪುಸ್ತಕ ಕಟ್ಟಿಡು, ನನ್ ಜೊತೆ ತೋಟಕ್ಕೆ ಬಾ," ಎಂದು ಎಲ್ಲರೆದುರೇ ಹೇಳಿಬಿಟ್ಟಿದ್ದಳು. ಹುಡುಗಿ ಕಣ್ಣು ಮುಚ್ಚಿಕೊಂಡು ಒಂದೇ ವಾಕ್ಯವನ್ನು ತಿರುವು ತಿರುವಿಗೂ ಬಾಯಿಪಾಠ ಮಾಡುತ್ತಿದ್ದಳು: ಒಂದು ಗ್ಲಿಸರಾಲ್, ಮೂರು ಫ್ಯಾಟಿ ಆಸಿಡ್ ಸೇರಿ ಟ್ರೈಗ್ಲಿಸರೈಡ್, ಅಂದರೆ ಎಣ್ಣೆ, ಮೂರು ನೀರು ಹೊರಕ್ಕೆ.

ಮೂರನೇ ದಿನಕ್ಕೆ ದಯಾನಂದನಿಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ಎಣ್ಣೆಯೊಳಗೆ ನೀರೆಲ್ಲಿಂದ ಬಂತು? ನೀರಿದ್ರೆ ಬಾಣಲೆ ಸಿಡಿಯಲ್ವಾ?"

ಸ್ವಾತಿ ಅಂದು ಸಂಜೆಯವರೆಗೂ ಕಾಲೇಜಿನ ಲೈಬ್ರರಿಯಲ್ಲಿ ಕೂತು ಹುಡುಕಿ, ಮರುದಿನ ಬೆಳಿಗ್ಗೆ ಜೀಪು ಹತ್ತುವ ಮೊದಲೇ ಶುರುಮಾಡಿದಳು. ಗ್ಲಿಸರಾಲ್‌ಗೆ ಮೂರು ಕೈ. ಒಂದೊಂದು ಕೈಗೂ ಒಂದೊಂದು ಫ್ಯಾಟಿ ಆಸಿಡ್ ಬಂದು ಸೇರುತ್ತದೆ. ಸೇರುವಾಗ ಆಸಿಡ್ ಕಡೆಯಿಂದ ಓಎಚ್, ಗ್ಲಿಸರಾಲ್ ಕಡೆಯಿಂದ ಎಚ್ ಕಳಚಿಕೊಂಡು ನೀರಾಗಿ ಹೊರಗೆ ಹೋಗುತ್ತದೆ. ಮೂರು ಕಡೆ ಸೇರಿದ್ದಕ್ಕೆ ಮೂರು ನೀರು.

"ಅಂದ್ರೆ ಜೀಪ್ ಹತ್ತೋಕ್ ಮುಂಚೆ ಮಳೇಗೆ ಹೊದ್ದ ಕೊಪ್ಪೆ ಕೊಡವಿ ಬಂದಂಗೆ. ನೀರು ಹೊರಗೇ ಹೋಯ್ತಲ್ಲ, ಬಾಣಲೆ ಯಾಕೆ ಸಿಡೀತದೆ?" ಎಂದಳು ನಂಜಮ್ಮ. ಮಗಳು ಅಮ್ಮನನ್ನು ಬಾಯಿಬಿಟ್ಟುಕೊಂಡು ನೋಡಿದಳು.

ಅಲ್ಲಿಂದ ಜೀಪಿಗೆ ಹುಚ್ಚು ಹಿಡಿಯಿತು. ದಯಾನಂದ ದಿನಕ್ಕೊಂದು ಪ್ರಶ್ನೆ ಕೇಳುವುದು, ಅರ್ಥವಾಗುವವರೆಗೆ ಎರಡನೇ ಗೇರಿನಲ್ಲೇ ಹೋಗುವುದು. "ಬೇಕಂತ ಮಾಡ್ತಿರ್ಲಿಲ್ಲ. ತಲೆ ಓಡದಿದ್ರೆ ನಂಗೆ ಕಾಲೂ ಓಡಲ್ಲ," ಎನ್ನುತ್ತಾನೆ ಅವನು. ಒಂದು ದಿನ ತಡವಾಗಿ ತೋಟ ಮುಟ್ಟಿದ ನಂಜಮ್ಮನನ್ನು ಮೇಸ್ತ್ರಿ ಗದರಿದಾಗ ಅವಳು ಗಾಬರಿಯಲ್ಲಿ, "ಗ್ಲಿಸರಾಲ್ ಆಗಿತ್ತು," ಎಂದುಬಿಟ್ಟಳು. ಹೊಸ ಕಾಯಿಲೆ ಇರಬೇಕೆಂದು ಮೇಸ್ತ್ರಿ ಹೆದರಿ, ಎರಡು ದಿನ ಮನೆಯಲ್ಲೇ ಇರಲು ಹೇಳಿದ.

ದೊಡ್ಡ ಜಗಳ ನಡೆದದ್ದು ಕೊಬ್ಬರಿ ಎಣ್ಣೆಯ ಮೇಲೆ. ಚಳಿಗೆ ಅದು ಬಾಟಲಿಯಲ್ಲೇ ಕಲ್ಲಾಗುತ್ತದೆ, ಸೂರ್ಯಕಾಂತಿ ಎಣ್ಣೆ ಯಾಕೆ ಆಗುವುದಿಲ್ಲ ಎಂದು ದಯಾನಂದ ಕೇಳಿದ. ಒಂದರ ಫ್ಯಾಟಿ ಆಸಿಡ್ ಸರಪಳಿ ನೇರ, ಇನ್ನೊಂದರಲ್ಲಿ ಡಬಲ್ ಬಾಂಡ್ ಎಂಬ ಎರಡೆಳೆಯ ಬೆಸುಗೆ ಇರುವ ಕಡೆ ಬಾಗು ಎಂದಳು ಸ್ವಾತಿ. ಬಾಗಿದ್ದರೆ ಏನಾಯಿತು ಎಂದು ಅವನು ಪಟ್ಟುಹಿಡಿದ. ಅಷ್ಟರಲ್ಲಿ ಜಾವಳಿಯಲ್ಲಿ ಮಂಜಯ್ಯ ಹತ್ತಿದರು. ಹಿಂದೊಮ್ಮೆ ಮೆಣಸು ಕೊಯ್ಯುವ ಏಣಿಯಿಂದ ಬಿದ್ದ ಅವರ ಬಲಗಾಲು ಮೊಣಕಾಲಿನ ಹತ್ತಿರ ಅಡ್ಡಕ್ಕೆ ಬಾಗಿ ಹಾಗೇ ಉಳಿದಿದೆ. ಅವರು ಕೂತರೆ ಐದು ಜನರ ಬೆಂಚಿನಲ್ಲಿ ನಾಲ್ಕೇ ಜನ.

"ಹತ್ರ ಸರೀರಿ, ಹತ್ರ ಸರೀರಿ," ಎಂದು ದಯಾನಂದ ಅಭ್ಯಾಸಬಲದಿಂದ ಕೂಗಿದ.

"ಎಲ್ಲಿ ಸರಿಯೋದು? ಇವ್ರ ಮೊಣಕಾಲು ಬಿಡ್ಬೇಕಲ್ಲ!" ಎಂದರು ಯಾರೋ.

"ಸಿಕ್ತು!" ಎಂದು ಸ್ವಾತಿ ಕಿರುಚಿದಳು. ನೇರ ಸರಪಳಿಗಳು ಒತ್ತೊತ್ತಾಗಿ ಕೂರುತ್ತವೆ, ಅದಕ್ಕೇ ಗಟ್ಟಿ. ಬಾಗಿದವು ಒತ್ತಿ ಕೂರಲಾರವು, ಅದಕ್ಕೇ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಮಂಜಯ್ಯ ತಮ್ಮ ಮೊಣಕಾಲನ್ನು ಮೊದಲ ಸಲ ನೋಡುವವರಂತೆ ನೋಡಿಕೊಂಡರು.

ಮರುಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಅದೇ ಪ್ರಶ್ನೆ ಬಂತು. ಸ್ವಾತಿ ಚಿತ್ರ ಬಿಡಿಸಿ, ಉತ್ತರ ಬರೆದು, ಖುಷಿಯಾಗಿ ಹೊರಬಂದಳು. ವಾಪಸ್ ಬರುವಾಗ ಜೀಪಿನಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಚಿತ್ರದಲ್ಲಿ ಸರಪಳಿ ಬಾಗಿದ ಜಾಗಕ್ಕೆ ಬಾಣ ಎಳೆದು, ಡಬಲ್ ಬಾಂಡ್ ಎಂದು ಬರೆಯುವ ಬದಲು, ಇಂಗ್ಲಿಷಿನಲ್ಲಿ "ಮಂಜಯ್ಯಾಸ್ ನೀ", ಅಂದರೆ ಮಂಜಯ್ಯನವರ ಮೊಣಕಾಲು, ಎಂದು ಬರೆದು ಬಂದಿದ್ದಳು.

ಮುಂದಿನ ಐದು ವಾರ ಜೀಪಿನಲ್ಲಿ ಸೂತಕ. ದಯಾನಂದ ಪ್ರಶ್ನೆ ಕೇಳುವುದನ್ನೇ ಬಿಟ್ಟ. "ನನ್ ಬಾಯಿಂದ ಮಗು ಹಾಳಾಯ್ತು ಅನ್ನಿಸ್ತು. ಊಟ ಸೇರ್ತಿರ್ಲಿಲ್ಲ," ಎಂದು ಈಗಲೂ ತಲೆ ತಗ್ಗಿಸುತ್ತಾನೆ. ಮಂಜಯ್ಯ ಮಾತ್ರ, ಬೇಕಿದ್ದರೆ ತಾವೇ ಯೂನಿವರ್ಸಿಟಿಗೆ ಹೋಗಿ ಪಂಚೆ ಎತ್ತಿ ತೋರಿಸಿ ಬರುವುದಾಗಿ ಹೇಳುತ್ತಲೇ ಇದ್ದರು.

ಫಲಿತಾಂಶ ಬಂದಾಗ ಜೀಪು ಕೊಟ್ಟಿಗೆಹಾರ ದಾಟಿತ್ತು. ಸ್ವಾತಿ ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ಎರಡೆರಡು ಸಲ ನೋಡಿದಳು. ದಯಾನಂದ ರಸ್ತೆ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ. "ಅರವತ್ತೆಂಟು," ಎಂದಳು. ಆಮೇಲೆ ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿಕೊಂಡಾಗ ಕಂಡಿದ್ದಿಷ್ಟು: ಮೊಣಕಾಲಿನ ಪಕ್ಕ ಕೆಂಪು ಶಾಯಿಯ ದೊಡ್ಡ ಪ್ರಶ್ನಾರ್ಥಕ ಚಿಹ್ನೆ, ಕೆಳಗಿನ ವಿವರಣೆ ಓದಿದ ಮೇಲೆ ಅದರ ಮೇಲೇ ಎಳೆದ ಸರಿ ಗುರುತು, ಹತ್ತಕ್ಕೆ ಒಂಬತ್ತು. ಆ ಹಾಳೆಯನ್ನು ಮಂಜಯ್ಯ ಲ್ಯಾಮಿನೇಷನ್ ಮಾಡಿಸಿ ಅಂಗಡಿಯಲ್ಲಿ ದೇವರ ಪಟದ ಪಕ್ಕ ನೇತುಹಾಕಿದ್ದಾರೆ.

ಈಗ ಬೆಳಗಿನ ಜೀಪಿಗೆ ಇನ್ನೂ ಮೂರು ಹುಡುಗಿಯರು ಪುಸ್ತಕ ಹಿಡಿದು ಬರುತ್ತಾರೆ. ಬಸ್ಸಿದ್ದರೂ ಇದನ್ನೇ ಕಾಯುತ್ತಾರೆ. ಕಾಲೇಜಿನ ಮೇಷ್ಟ್ರೊಬ್ಬರು ಒಮ್ಮೆ ಕುತೂಹಲಕ್ಕೆ ಹತ್ತಿ, ನೀವು ಎಲ್ಲಿ ಓದಿದ್ದು ಎಂದು ಕೇಳಿದರಂತೆ. ದಯಾನಂದ ನಕ್ಕುಬಿಟ್ಟ.

ಆ ನಗುವಿನ ಹಿಂದಿನದನ್ನು ಅವನು ಬಿಚ್ಚಿಡುವುದು ಮೂಡಿಗೆರೆಯ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ, ಹುಡುಗಿಯರೆಲ್ಲ ಇಳಿದುಹೋದ ಮೇಲೆ. ಪಿಯುಸಿಯಲ್ಲಿ ಅವನು ಕೆಮಿಸ್ಟ್ರಿಯಲ್ಲಿ ಮೂರು ಸಲ ಫೇಲು. "ಮೇಷ್ಟ್ರು ಒಳ್ಳೆಯವ್ರೇ. ಪಾಠ ಮುಗಿಸಿ ದಿನಾ, ಅರ್ಥ ಆಯ್ತಾ ಅಂತ ಕೇಳೋರು. ಎಲ್ಲರೂ ಆಯ್ತು ಸಾರ್ ಅನ್ನೋರು, ನಾನೂ ಅಂತಿದ್ದೆ. ನಾಚಿಕೆ."

ಕಾಫಿ ಲೋಟ ಕೆಳಗಿಟ್ಟು ಅವನು ಕಾಲೇಜಿನ ದಿಕ್ಕಿಗೆ ನೋಡುತ್ತಾನೆ. ಏನಾದರೂ ಆಸೆ ಇದೆಯೇ ಎಂದರೆ ಆ ಕಡೆಗೇ ಕೈ ತೋರಿಸುತ್ತಾನೆ.

"ಒಂದೇ ಒಂದು ದಿನ ಕ್ಲಾಸಲ್ಲಿ ಕೂರ್ಬೇಕು. ಕೊನೇ ಬೆಂಚಾದ್ರೂ ಸಾಕು. ಮೇಷ್ಟ್ರು ಅರ್ಥ ಆಯ್ತಾ ಅಂತ ಕೇಳ್ತಾರಲ್ಲ, ಆಗ ಎದ್ದು ನಿಂತು, ಇಲ್ಲ ಸಾರ್ ಅನ್ಬೇಕು."