ಸೋರುವ ಕಾಲು

ಬೆಟಗೇರಿಯ ನಮ್ಮ ಮನೆಯ ಹಿತ್ತಲ ಹಗ್ಗದ ಮೇಲೆ ಸದಾ ಬಟ್ಟೆಯ ಚೂರುಗಳು ಒಣಗುತ್ತಿದ್ದವು. ಮಾವನವರ ಹಳೆಯ ಧೋತರ ಹರಿದು ಮಾಡಿದವು. ಹರೆಯದಲ್ಲಿ ಚಕ್ಕಡಿಯಿಂದ ಬಿದ್ದು ಮುರಿದ ಅವರ ಕಾಲಿನ ಎಲುಬು ಒಳಗೇ ಕೀವುಗಟ್ಟಿ, ಚರ್ಮದಲ್ಲಿ ತೂತು ಮಾಡಿಕೊಂಡು, ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ಸೋರುತ್ತಿತ್ತು. ಆ ಗಾಯಕ್ಕೆ ಸುತ್ತಿದ ಚೂರುಗಳನ್ನು ಒಗೆಯುವುದು ನನ್ನ ಕೆಲಸ. ಸಿಸ್ಟರುಗಳ ಕಾನ್ವೆಂಟ್ ಶಾಲೆಗೆ ಕರ್ಚೀಫನ್ನೂ ಇಸ್ತ್ರಿ ಮಾಡಿಕೊಂಡು ಹೋಗುತ್ತಿದ್ದ ನಾನು, ಅದೇ ಕೈಯಲ್ಲಿ ರೊಟ್ಟಿ ಬಡಿಯುವ ಮೊದಲು ಮೂರು ಮೂರು ಸಲ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದೆ.

ಸೋರುವುದು ನಿಂತಾಗಲೆಲ್ಲ ಮಾವನವರಿಗೆ ಜ್ವರ ಬರುತ್ತಿತ್ತು. ಹಾಗಾಗಿ ಸೋರಿದರೆ ಮನೆಮಂದಿಗೆಲ್ಲ ಸಮಾಧಾನ.

ಹೋದ ಮಳೆಗಾಲದಲ್ಲಿ ಬಟ್ಟೆಯ ಹಳದಿ ಕಲೆ ಕಂದು ಬಣ್ಣಕ್ಕೆ ತಿರುಗಿತು, ನಡುವೆ ರಕ್ತದ ಎಳೆಗಳು. ತೂತಿನ ಅಂಚು ಹೂಕೋಸಿನಂತೆ ಉಬ್ಬಿತ್ತು. ವಾಸನೆ, ಕಪಾಟಿನ ಹಿಂದೆ ಇಲಿ ಸತ್ತ ಹಾಗೆ.

"ವಾಸನಿ ಬ್ಯಾರೆ ಐತ್ರಿ ಅತ್ತಿ," ಎಂದೆ.

"ನಿಂದು ಸಿಸ್ಟರ್ ಸಾಲಿ ಮೂಗು. ಒಳಗಿನ ಕೆಟ್ಟದ್ದೆಲ್ಲಾ ಹೊರಗ ಹೊಂಟೈತಿ, ಹೋಗ್ಲಿ ಬಿಡು."

ಲಕ್ಷ್ಮೇಶ್ವರದಿಂದ ಬಂದ ಮಾವನವರ ತಂಗಿ ತೊಯ್ದ ಬಟ್ಟೆ ನೋಡಿ ಹಿಗ್ಗಿ, ಗೋಧಿ ರವೆಯ ಸಿಹಿ ಸಜ್ಜಕ ಮಾಡಿಸಿದರು. ತುಪ್ಪದ ಘಮವೂ ಆ ನಾತವೂ ಒಂದೇ ಕೋಣೆಯಲ್ಲಿ. ಅವರು ಎರಡನೇ ಸಲ ಬಡಿಸಿಕೊಂಡದ್ದನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ, ಓಕರಿಕೆಯ ನೀರು. ಮಾವನವರು ಮಾತ್ರ ಬಟ್ಟಲು ಸರಿಸಿ, ನನಗಷ್ಟೇ ಕೇಳುವಂತೆ, "ಎಲುಬಿನಾಗ ಏನೋ ಕಡಿಯಾಕತ್ತೈತಿ ಯವ್ವಾ," ಎಂದರು.

ಮರುದಿನ ಒಂದು ಚೂರನ್ನು ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗಂಡನ ಮೂಗಿನ ಹತ್ತಿರ ಹಿಡಿದೆ. ಅವರು ಕೂಡಲೇ ಹೋಗಿ ರಿಕ್ಷಾ ತಂದರು. ಗದಗಿನ ಡಾಕ್ಟರು ಗಾಯದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಮೆಲ್ಲಗೆ ಹೇಳಿದರು:

"ವರ್ಷಾನುಗಟ್ಟಲೆ ಸೋರೋ ಗಾಯದಾಗ ಅಪರೂಪಕ್ಕ ಹಿಂಗ ಕ್ಯಾನ್ಸರ್ ಹುಟ್ಟತೈತ್ರಿ. ಎಲುಬಿಗೂ ಇಳದೈತಿ. ಜೀವ ಉಳೀಬೇಕಂದ್ರ ಕಾಲು ತಗೀಬೇಕು."

"ತಗದ್ರ ಸೋರೂದು ನಿಂದರತೈತೇನ್ರಿ?" ಮಾವನವರು ಕೇಳಿದರು.

"ನಿಂದರತೈತ್ರಿ."

"ಮತ್ತ ಜ್ವರ ಬಂದ್ರ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗಾಯಿತು.

ಆಪರೇಷನ್ ಆಗಿ, ಮಾವನವರು ಉಳಿದರು. ವಾರ್ಡಿನಲ್ಲಿ ಅತ್ತೆ ಚಾದರ ಸರಿಸಿ, ತೊಡೆಯ ತುದಿಯ ಬಿಳಿ ಪಟ್ಟಿಯನ್ನು ಮುಟ್ಟಿ ನೋಡಿದರು. ಮುಖ ಬಾಡಿತು.

"ಒಂದ್ ಹನಿನೂ ಇಲ್ಲಲ್ಲ ಯವ್ವಾ," ಎಂದು ನನಗೆ ಹೇಳಿ, ಮಾವನವರ ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡುತ್ತ ಕುಳಿತರು.